ಬಿದ್ದ ವಿಮಾನದ ಅಣ್ಣತಮ್ಮಂದಿರು



2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ, ಮೇಲೇರಿದ ಅರ್ಧ ನಿಮಿಷದಲ್ಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ಲಿನ ಮೇಲೆ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಬದುಕಿದವರು ಒಬ್ಬರೇ. ಕೆಳಗಿದ್ದವರನ್ನೂ ಸೇರಿಸಿದರೆ ಸತ್ತವರು 260. ಆ ವಿಮಾನದ ಮಾದರಿಯ ಹೆಸರು ಬೋಯಿಂಗ್ 787. ಅದಾದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಎಷ್ಟೋ ದಿನ ಒಂದೇ ಮಾತು. ದುಬೈಗೋ ಸಿಂಗಪುರಕ್ಕೋ ಮಗನನ್ನು ಕಳಿಸಿದ ತಾಯಿ ಫೋನಿನಲ್ಲಿ ಕೇಳುವುದು, “ನೀನು ಹತ್ತೋದು ಅದೇ ಜಾತಿ ವಿಮಾನ ಅಲ್ಲ ತಾನೇ?” ಮನೆಯ ಹಿರಿಯರು ಹೇಳುವುದು, “ಅಂಥಾ ವಿಮಾನವನ್ನೆಲ್ಲ ಮೂಲೆಗೆ ಹಾಕಬಾರದೇನು?”

ಇದು ತಿಳಿಯದವರ ಭಯ ಎಂದು ನಗುವಂತಿಲ್ಲ. ಸರಕಾರಗಳೂ ವಿಮಾನ ಕಂಪನಿಗಳೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತವೆ. ಕೆಲವು ಸಲ ಒಂದು ವಿಮಾನ ಬಿದ್ದರೆ ಅದರ ಅಣ್ಣತಮ್ಮಂದಿರನ್ನೆಲ್ಲ ಕಟ್ಟಿಹಾಕುತ್ತಾರೆ. ಕೆಲವು ಸಲ ಹಾರಲು ಬಿಡುತ್ತಾರೆ. ಕೆಲವು ಸಲ ಮತ್ತೆ ಹಾರಲು ಬಿಟ್ಟು, ಎರಡು ಮೂರು ವರ್ಷದ ಮೇಲೆ ಸದ್ದಿಲ್ಲದೆ ಮನೆಗೆ ಕಳಿಸುತ್ತಾರೆ. ಇದಕ್ಕೆ ಏನು ಲೆಕ್ಕ? ಅದನ್ನೇ ಇವತ್ತು ನಿಮ್ಮೊಂದಿಗೆ ಮಾತಾಡೋಣ ಎಂದಿದ್ದೇನೆ.

ಮೊದಲು ನಮಗೆ ಗೊತ್ತಿರುವ ದಾರಿಯಿಂದ ಹೊರಡೋಣ. ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವಾಗ ತೋಪೂರು ಘಾಟ್ ಸಿಗುತ್ತದೆ. ಅಲ್ಲಿ ನಡೆದ ಲಾರಿ ಅಪಘಾತಗಳ ಸುದ್ದಿ ಕೇಳದೆ ನಾವ್ಯಾರೂ ಬೆಳೆದಿಲ್ಲ. ಭಾರ ಹೊತ್ತ ಲಾರಿ ಇಳಿಜಾರಿನಲ್ಲಿ ಬ್ರೇಕು ಸೋತು ಮುಂದಿನ ಗಾಡಿಗಳ ಮೇಲೆ ನುಗ್ಗುತ್ತದೆ. ಆಗ ಚಾಲಕ ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಟ್ಟನೇ ಎಂದು ಕೇಳುತ್ತೇವೆ, ಹೊರೆ ಹೆಚ್ಚಾಗಿತ್ತೇ ಎಂದು ಕೇಳುತ್ತೇವೆ, ರಸ್ತೆಯ ತಿರುವನ್ನು ಬಯ್ಯುತ್ತೇವೆ. ಆದರೆ “ಈ ಕಂಪನಿಯ ಈ ಮಾದರಿಯ ಲಾರಿಗಳನ್ನೆಲ್ಲ ನಾಳೆಯಿಂದ ನಿಲ್ಲಿಸಿ” ಎಂದು ಯಾರೂ ಹೇಳುವುದಿಲ್ಲ. ವಿಮಾನದ ವಿಷಯದಲ್ಲಿ ಮಾತ್ರ ಏಕೆ ಹಾಗೆ ಹೇಳುತ್ತೇವೆ?

ಹೊಸೂರಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಉತ್ತರ ಬೇಗ ಹೊಳೆದೀತು. ಒಂದು ಬ್ಯಾಚಿನಲ್ಲಿ ಒಂದು ಬಿಡಿಭಾಗ ಬಿರುಕು ಬಿಟ್ಟರೆ ಆ ಬ್ಯಾಚನ್ನೇ ತಡೆದು ಇಡುತ್ತಾರೆ, ಒಳ್ಳೆಯದೆಂದು ಕಾಣುವುದನ್ನೂ ಹೊರಗೆ ಬಿಡುವುದಿಲ್ಲ. ವಿಮಾನದಲ್ಲಿ ಇಡೀ ಮಾದರಿಯೇ ಒಂದು ಬ್ಯಾಚು. ನಕ್ಷೆ ಒಂದು, ಲೋಹ ಒಂದು, ಗಣಕಯಂತ್ರಕ್ಕೆ ತುಂಬಿದ ಬುದ್ಧಿಯೂ ಒಂದೇ. ನಮ್ಮ ಲಾರಿಗೆ ಆಗಾಗ ಎಫ್.ಸಿ. ಮಾಡಿಸುವ ಹಾಗೆ ಪ್ರತಿ ವಿಮಾನಕ್ಕೂ ಬೇರೆ ಪತ್ರ ಇರುವುದು ನಿಜ. ಅದಕ್ಕೆ ಮೊದಲು ಆ ಮಾದರಿಗೇ ಒಂದು ಪ್ರಮಾಣಪತ್ರ ಬೇಕು. ಈ ನಕ್ಷೆಯಂತೆ ಕಟ್ಟಿದರೆ ಸುರಕ್ಷಿತ ಎಂದು ಸರಕಾರ ಒಪ್ಪಿದ ಪತ್ರ ಅದು. ಅಪಘಾತದ ಕಾರಣ ನಕ್ಷೆಯಲ್ಲೇ ಇದೆ ಎಂಬ ಅನುಮಾನ ಬಂದರೆ ಆ ಪತ್ರವೇ ಅಲುಗಾಡುತ್ತದೆ. ಆಗ ಬಿದ್ದದ್ದು ಒಂದು, ನಿಲ್ಲಬೇಕಾದದ್ದು ನೂರು. ಇಲ್ಲಿ ದೊಡ್ಡ ಮಾತು “ಅನುಮಾನ” ಎನ್ನುವುದು. ಕಾರಣ ಖಚಿತವಾಗಲು ವರ್ಷ ಹಿಡಿಯುತ್ತದೆ. ನಿಲ್ಲಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಮಾತ್ರ ಎರಡು ಮೂರು ದಿನವೇ ಸಮಯ.

ಹೀಗೆ ತೀರ್ಮಾನ ಮಾಡಬೇಕಾಗಿ ಬಂದ ಒಂದು ದುರಂತ ನಮ್ಮ ಮಗ್ಗುಲಲ್ಲೇ ನಡೆಯಿತು. 1990ರ ಫೆಬ್ರವರಿ 14, ಬೆಂಗಳೂರು. ಹೊಸೂರು, ಡೆಂಕಣಿಕೋಟೆ ಕಡೆಯ ಹಿರಿಯರಿಗೆ ನೆನಪಿದ್ದೀತು. ಆಗ ವಿಮಾನ ನಿಲ್ದಾಣ ಇದ್ದದ್ದು ದೇವನಹಳ್ಳಿಯಲ್ಲಲ್ಲ, ಎಚ್.ಎ.ಎಲ್. ಆವರಣದಲ್ಲಿ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ 605ನೆಯ ವಿಮಾನ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಇಳಿಯಲು ಬರುತ್ತಿತ್ತು. ಆಕಾಶ ತಿಳಿಯಾಗಿತ್ತು. ಏರ್‌ಬಸ್ ಎ320 ಎಂಬ ಹೊಸ ಮಾದರಿಯ ವಿಮಾನ ಅದು. ದೇಶಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ರನ್‌ವೇಗೆ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಪುಟಿದು, ಮುಂದಿನ ಒಡ್ಡಿಗೆ ಅಪ್ಪಳಿಸಿ ಬೆಂಕಿ ಹತ್ತಿಕೊಂಡಿತು. 146 ಮಂದಿಯಲ್ಲಿ 92 ಮಂದಿ ಸತ್ತರು, 54 ಮಂದಿ ಉಳಿದರು.

ಕೆಲವೇ ದಿನಗಳಲ್ಲಿ ಕೇಂದ್ರ ಸರಕಾರ ಇಂಡಿಯನ್ ಏರ್‌ಲೈನ್ಸಿನ ಎ320ಗಳನ್ನೆಲ್ಲ ನಿಲ್ಲಿಸಿತು. ಕೋಟಿಗಟ್ಟಲೆ ಕೊಟ್ಟು ತಂದ ಹೊಸ ವಿಮಾನಗಳು ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತವು. ಕೊಂಡ ಬಗೆಯಲ್ಲಿಯೇ ಅವ್ಯವಹಾರವಿದೆಯೆಂದು ದೆಹಲಿಯಲ್ಲಿ ಗದ್ದಲ ಬೇರೆ ಎದ್ದಿತ್ತು. ಆದುದರಿಂದ ನಿಲ್ಲಿಸಿದ ತೀರ್ಮಾನದಲ್ಲಿ ಎಂಜಿನಿಯರರ ಲೆಕ್ಕ ಎಷ್ಟು, ರಾಜಕೀಯದ ಲೆಕ್ಕ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ಕಂಡುಬಂದದ್ದನ್ನು ಸರಳವಾಗಿ ಹೇಳುತ್ತೇನೆ. ಆ ವಿಮಾನದಲ್ಲಿ ಚಾಲಕ ತಿರುಗಿಸುವ ಗುಂಡಿಗಳು ಒಂದರ ಪಕ್ಕ ಒಂದು ಇವೆ. ಒಂದರಲ್ಲಿ “ನಿಮಿಷಕ್ಕೆ ಇಷ್ಟು ಅಡಿಯಂತೆ ಇಳಿ” ಎಂದು ಹೇಳಬಹುದು, ಇನ್ನೊಂದರಲ್ಲಿ “ಇಷ್ಟು ಎತ್ತರಕ್ಕೆ ಇಳಿ” ಎನ್ನಬಹುದು. ನಿಮಿಷಕ್ಕೆ 700 ಅಡಿ ಎಂದು ಹೇಳಹೊರಟ ಚಾಲಕ, 700 ಅಡಿ ಎತ್ತರ ಎಂದು ಹೇಳಿಬಿಟ್ಟಿರಬಹುದು ಎಂಬುದು ತನಿಖೆಯಲ್ಲಿ ಮುಂದೆ ಬಂದ ವಿವರಣೆ. ಬೆಂಗಳೂರು ಇರುವುದೇ ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿ. 700 ಅಡಿ ಎಂದರೆ ಭೂಮಿಯ ಒಳಗೆ. ಯಂತ್ರಕ್ಕೆ ಅದು ತಿಳಿಯದು. ಕೆಳಗಿಳಿಯಲು ಹೇಳಿದ್ದಾರೆ ಎಂದು ಎಂಜಿನ್ನನ್ನು ತಗ್ಗಿಸಿ ಸುಮ್ಮನೆ ಇಳಿಯುತ್ತದೆ. ತೋಪೂರಿನಲ್ಲಿ ನ್ಯೂಟ್ರಲ್ಲಿಗೆ ಬಿದ್ದ ಲಾರಿ ವೇಗ ಹೆಚ್ಚಿಸಿಕೊಂಡು ಸಾಯಿಸುತ್ತದೆ, ಈ ವಿಮಾನ ವೇಗ ಕಳೆದುಕೊಂಡು ಸಾಯಿಸಿತು. ಚಾಲಕರು ಎಚ್ಚೆತ್ತು ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟಾಗ ಸಮಯ ಮೀರಿತ್ತು. ತಗ್ಗಿದ ಜೆಟ್ ಎಂಜಿನ್ ಪೂರ್ಣ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅವರ ಹತ್ತಿರ ಇರಲಿಲ್ಲ.

ತನಿಖೆ ಮುಖ್ಯ ಹೊಣೆಯನ್ನು ಚಾಲಕರ ಮೇಲೆ ಹೊರಿಸಿತು. ವೇಗ ಇಳಿಯುತ್ತಿರುವುದನ್ನು ಅವರು ನೋಡಬೇಕಿತ್ತು, ನೋಡಲಿಲ್ಲ. ಅದು ಸರಿಯೇ. ಆದರೆ ಎರಡು ವರ್ಷ ಕಳೆಯುವುದರೊಳಗೆ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಮಂದಿ ಸತ್ತರು. ಅಲ್ಲಿ 3.3 ಡಿಗ್ರಿ ಇಳಿಜಾರಿನಲ್ಲಿ ಇಳಿ ಎಂದು ಹೇಳಹೊರಟವರು, ನಿಮಿಷಕ್ಕೆ 3,300 ಅಡಿ ಇಳಿ ಎಂದು ಹೇಳಿಬಿಟ್ಟಿರುವ ಸಂಭವವೇ ಹೆಚ್ಚು ಎಂದಿತು ತನಿಖೆ. ಎರಡಕ್ಕೂ ಒಂದೇ ಗುಂಡಿ, ಕಿಂಡಿಯಲ್ಲಿ ಕಾಣುವ ಅಂಕಿಯೂ ಎರಡಕ್ಕೂ “33” ಎಂಬಂತೆ. ಆಮೇಲೆ ಏರ್‌ಬಸ್ ಕಂಪನಿ ಆ ಅಂಕಿ ತೋರಿಸುವ ರೀತಿಯನ್ನು ಬದಲಿಸಿತು. ಈಗ 3,300 ಎಂದರೆ ನಾಲ್ಕು ಅಂಕಿಯೂ ಕಾಣುತ್ತದೆ, ಗೊಂದಲವಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತೇವೆ. ತಮಿಳಿನಲ್ಲೂ ಇಂಥದೇ ಗಾದೆ ಇದೆ. ಆದರೆ ಇಬ್ಬರು ಬೇರೆ ಬೇರೆ ದೇಶದ ನರ್ತಕಿಯರು ಅದೇ ನೆಲದಲ್ಲಿ ಎಡವಿದರೆ, ನೆಲಕ್ಕೂ ಒಮ್ಮೆ ದಾರ ಹಿಡಿದು ನೋಡಬೇಡವೇ? ಬೆಂಗಳೂರಿನ ನಂತರ ನಮ್ಮ ಸರಕಾರ ವಿಮಾನಗಳನ್ನು ಕಟ್ಟಿಹಾಕಿತು, ಜನರ ಕೋಪ ತಣಿಯಿತು, ವಿಮಾನಗಳು ಮತ್ತೆ ಹಾರಿದವು. ಕಟ್ಟಿಹಾಕುವುದು ಬೇರೆ, ರಿಪೇರಿ ಬೇರೆ ಎಂದು ನನಗೆ ಅನಿಸಿದ್ದು ಈ ಕಥೆಯಿಂದಲೇ.

ಹಾಗೆಂದು ಕಟ್ಟಿಹಾಕಬಾರದೆಂದೂ ಅಲ್ಲ. ಕಟ್ಟಿಹಾಕದೆ ಕೆಟ್ಟ ಉದಾಹರಣೆಯೂ ನಮ್ಮ ದೇಶದ ನೆಲದಲ್ಲೇ ಆರಂಭವಾಗುತ್ತದೆ. ಪ್ರಯಾಣಿಕರನ್ನು ಹೊತ್ತ ಪ್ರಪಂಚದ ಮೊದಲ ಜೆಟ್ ವಿಮಾನ ಇಂಗ್ಲೆಂಡಿನ ಕಾಮೆಟ್, 1952ರ ಮೇ 2ರಂದು ಸೇವೆ ಆರಂಭಿಸಿತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತೆಯ ಡಂಡಂನಿಂದ ಮೇಲೆದ್ದ ಕಾಮೆಟ್ ಬಿರುಗಾಳಿಯಲ್ಲಿ ಚೂರುಚೂರಾಗಿ 43 ಮಂದಿ ಸತ್ತರು. ಗಾಳಿಯ ತಪ್ಪು ಎಂದಾಯಿತು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಹತ್ತಿರ ಇನ್ನೊಂದು ಸಮುದ್ರಕ್ಕೆ ಬಿತ್ತು, 35 ಮಂದಿ ಸತ್ತರು. ಆಗ ವಿಮಾನಗಳನ್ನು ನಿಲ್ಲಿಸಿದರು. ಕಾರಣ ತಿಳಿಯಲಿಲ್ಲ. ಬೆಂಕಿ ಇರಬಹುದು, ಅದಿರಬಹುದು ಇದಿರಬಹುದು ಎಂದು ಹತ್ತಾರು ಕಡೆ ಭದ್ರಪಡಿಸಿ ಮಾರ್ಚ್ 23ರಂದು ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ನೇಪಲ್ಸ್ ಹತ್ತಿರ ಮತ್ತೊಂದು ಬಿತ್ತು. 21 ಮಂದಿ. ನಡುವೆ ಎರಡು ವಾರದ ಮೇಲೆ ಎರಡೇ ದಿನ.

ಆಮೇಲೆ ನಡೆದ ಪರೀಕ್ಷೆ ಕೇಳಲು ಸ್ವಾರಸ್ಯವಾಗಿದೆ. ಫಾರ್ನ್‌ಬರೋ ಎಂಬಲ್ಲಿ ಒಂದು ಇಡೀ ಕಾಮೆಟ್ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಒತ್ತಡ ಏರಿಸುವುದು ಇಳಿಸುವುದು ಮಾಡಿದರು. ಒಂದು ಏರಿಳಿತ ಎಂದರೆ ಒಂದು ಹಾರಾಟ. ಹಳೆಯ ಹಾರಾಟವನ್ನೂ ಸೇರಿಸಿ ಸುಮಾರು 3,000 ಆಗುವಷ್ಟರಲ್ಲಿ ಒಡಲು ಸೀಳಿತು, ಒಂದು ಕಿಂಡಿಯ ಮೂಲೆಯಿಂದ. ಬೇಲಿಯ ತಂತಿಯನ್ನು ಕತ್ತರಿ ಇಲ್ಲದಾಗ ನಾವು ಹೇಗೆ ಮುರಿಯುತ್ತೇವೆ? ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ. ಒಂದೇ ಏಟಿಗೆ ಮುರಿಯದ ಲೋಹ ನೂರು ಸಣ್ಣ ಬಾಗಿಗೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಕಾಮೆಟ್ ಪ್ರತಿ ಸಲ ಮೇಲೇರಿದಾಗಲೂ ಬಲೂನಿನಂತೆ ಕೊಂಚ ಉಬ್ಬಿ, ಇಳಿದಾಗ ಕುಗ್ಗಿ, ತನ್ನ ಚರ್ಮವನ್ನು ದಣಿಸಿಕೊಳ್ಳುತ್ತಿತ್ತು. ದೋಷ ನಕ್ಷೆಯದೇ, ಚಾಲಕರದಲ್ಲ, ಗಾಳಿಯದಲ್ಲ. ಇದ್ದ ಪ್ರತಿ ಕಾಮೆಟ್ಟಿನ ಒಳಗೂ ಅದೇ ಗಡಿಯಾರ ಓಡುತ್ತಿತ್ತು. ಮೊದಲನೆಯ ಮಾದರಿಯ ಕಾಮೆಟ್ ಮತ್ತೆ ಪ್ರಯಾಣಿಕರನ್ನು ಹೊರಲಿಲ್ಲ. ಗಟ್ಟಿ ಮಾಡಿದ ನಾಲ್ಕನೆಯ ಮಾದರಿ ಬಂದ 1958ರಲ್ಲೇ ಅಮೆರಿಕದ ಬೋಯಿಂಗ್ 707 ಕೂಡ ಸೇವೆಗೆ ಬಂತು.

ಹೀಗೆ ನಕ್ಷೆಯ ದೋಷ ಸಾಬೀತಾಗಿ ಒಂದು ಮಾದರಿಯೇ ಮೂಲೆ ಸೇರುವುದು ಬಲು ಅಪರೂಪ. ಹೆಚ್ಚಿನ ಮಾದರಿಗಳು ನಿವೃತ್ತಿಯಾಗುವುದು ಹಣದ ಲೆಕ್ಕದಿಂದ. ಅಪಘಾತ ಆ ಲೆಕ್ಕವನ್ನು ಬೇಗ ಮಾಡಿಸುತ್ತದೆ, ಅಷ್ಟೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡನ್ನು ನೋಡಿ. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ, ಬೇರೊಂದು ವಿಮಾನದಿಂದ ಉದುರಿದ ಲೋಹದ ಪಟ್ಟಿಯ ಮೇಲೆ ಅದರ ಚಕ್ರ ಹರಿಯಿತು. ಟೈರು ಸಿಡಿದು, ಎಣ್ಣೆಯ ಟ್ಯಾಂಕು ಒಡೆದು, ಬೆಂಕಿ ಹತ್ತಿ 113 ಮಂದಿ ಸತ್ತರು. ಟ್ಯಾಂಕಿಗೆ ಒಳಪದರ ಹಾಕಿ, ಟೈರು ಬದಲಿಸಿ, 2001ರ ನವೆಂಬರಿನಲ್ಲಿ ಮತ್ತೆ ಹಾರಿಸಿದರು. ದೋಷ ಪರಿಹಾರವಾಗಿತ್ತು. ಆದರೂ 2003ರಲ್ಲಿ ಎರಡು ಕಂಪನಿಗಳೂ ಅದನ್ನು ಕೈಬಿಟ್ಟವು. ಒಟ್ಟು ಸೇವೆಗೆ ಬಂದದ್ದೇ ಹದಿನಾಲ್ಕು ವಿಮಾನ. ಇಷ್ಟು ಕಡಿಮೆ ವಿಮಾನಗಳಿಗಾಗಿ ಬಿಡಿಭಾಗ ಮಾಡಿಸುವ ಖರ್ಚು, ಎಣ್ಣೆಯ ಖರ್ಚು, ಅಮೆರಿಕದಲ್ಲಿ ನಡೆದ ಭಯೋತ್ಪಾದಕ ದಾಳಿಯ ನಂತರ ಕಡಿಮೆಯಾದ ಶ್ರೀಮಂತ ಪ್ರಯಾಣಿಕರು, ಇವೆಲ್ಲ ಸೇರಿದವು. ಒಂದೇ ಒಂದು ಬಸ್ ಇಟ್ಟುಕೊಂಡ ಮಾಲೀಕನಿಗೆ ಆ ಮಾದರಿಯ ಬಿಡಿಭಾಗ ಸಿಗದೆ ಹೋದರೆ ಅವನು ಏನು ಮಾಡುತ್ತಾನೋ ಅದನ್ನೇ ಅವರು ಮಾಡಿದರು.

ಡಿಸಿ-10ದು ಇನ್ನೊಂದು ಬಗೆ. 1979ರ ಮೇ 25ರಂದು ಷಿಕಾಗೋದಲ್ಲಿ ಮೇಲೇಳುವಾಗಲೇ ಅದರ ಒಂದು ಎಂಜಿನ್ ಕಳಚಿ ಬಿತ್ತು. 273 ಮಂದಿ ಸತ್ತರು. ಅಮೆರಿಕ ಸರಕಾರ ಮಾದರಿಯ ಪತ್ರವನ್ನೇ ಐದು ವಾರ ತಡೆಹಿಡಿಯಿತು. ಕಡೆಗೆ ತಿಳಿದದ್ದೇನು? ಸಮಯ ಉಳಿಸಲೆಂದು ರಿಪೇರಿಯವರು ಎಂಜಿನ್ನನ್ನೂ ಅದರ ತೂಗುಗಂಬವನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟಿನಿಂದ ಇಳಿಸಿ ಏರಿಸುತ್ತಿದ್ದರು, ಆಗ ಬಿರುಕು ಬಿಟ್ಟಿತ್ತು. ದೋಷ ಷೆಡ್ಡಿನದು. ಹೆಸರು ಕೆಟ್ಟದ್ದು ವಿಮಾನದ್ದು. ಅದರ ತಮ್ಮ ಎಂಡಿ-11 ಸರಕು ಸಾಗಿಸುತ್ತ ಬಹಳ ವರ್ಷ ಬದುಕಿತು. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್ಲಿಯಲ್ಲಿ ಅಂಥದೊಂದರ ಎಂಜಿನ್ ಕಳಚಿ ವಿಮಾನ ಬಿದ್ದಾಗ, ಇದ್ದ ಎಂಡಿ-11ಗಳನ್ನೆಲ್ಲ ಮತ್ತೆ ನಿಲ್ಲಿಸಿದರು.

ಇತ್ತೀಚಿನ ದೊಡ್ಡ ಪ್ರಕರಣ ಬೋಯಿಂಗ್ 737 ಮ್ಯಾಕ್ಸ್. 2018ರ ಅಕ್ಟೋಬರ್ 29ರಂದು ಇಂಡೊನೇಷ್ಯದಲ್ಲಿ 189 ಮಂದಿ, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ 157 ಮಂದಿ. ವಿಮಾನದ ಮೂತಿಯನ್ನು ತಾನಾಗಿ ಕೆಳಕ್ಕೆ ತಳ್ಳುವ ಒಂದು ಏರ್ಪಾಡು ಅದರಲ್ಲಿತ್ತು. ಅದು ನಂಬಿದ್ದು ಒಂದೇ ಒಂದು ಮಾಪಕವನ್ನು. ಮಾಪಕ ಸುಳ್ಳು ಹೇಳಿದರೆ ಏರ್ಪಾಡು ವಿಮಾನವನ್ನು ನೆಲಕ್ಕೆ ಒತ್ತುತ್ತಿತ್ತು. ಹೀಗೊಂದು ಇದೆಯೆಂದು ಮೊದಲ ಅಪಘಾತದವರೆಗೆ ಚಾಲಕರಿಗೇ ಹೇಳಿರಲಿಲ್ಲ. ಮೊದಲನೆಯದು ಬಿದ್ದಾಗ ಚಾಲಕರ ಅನುಭವ, ಆ ದೇಶದ ರಿಪೇರಿ ಎಂದೆಲ್ಲ ಮಾತಾಡಿ ಹಾರಲು ಬಿಟ್ಟರು. ಕಲ್ಕತ್ತೆಯ ಬಿರುಗಾಳಿಯ ನೆನಪಾಗುತ್ತದೆ ಅಲ್ಲವೇ? ಎರಡನೆಯದು ಬಿದ್ದ ಮೇಲೆ ಒಂದೊಂದೇ ದೇಶ ನಿಲ್ಲಿಸಿತು. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಮಾರ್ಚ್ 12ರಂದು ನಿಲ್ಲಿಸಿತು, ಅಮೆರಿಕ ಅದಕ್ಕೂ ಒಂದು ದಿನ ತಡ. ಏರ್ಪಾಡನ್ನು ತಿದ್ದಿ, ಎರಡು ಮಾಪಕಗಳನ್ನು ಹೋಲಿಸಿ ನೋಡುವಂತೆ ಮಾಡಿದ ಮೇಲೆ 2021ರ ಆಗಸ್ಟಿನಲ್ಲಿ ಭಾರತದಲ್ಲಿ ಮತ್ತೆ ಬಿಟ್ಟರು. 2022ರಲ್ಲಿ ಆಕಾಶ ಏರ್ ಹಾರಾಟ ಆರಂಭಿಸಿದ್ದೇ ಮ್ಯಾಕ್ಸ್ ವಿಮಾನಗಳಿಂದ. ಬೆಂಗಳೂರಿನಿಂದ ಅದರಲ್ಲಿ ಹೋಗಿ ಬಂದವರು ನಿಮ್ಮಲ್ಲೂ ಇದ್ದೀರಿ, ಮಾದರಿಯ ಹೆಸರನ್ನು ಯಾರೂ ಕೇಳಿರಲಾರಿರಿ.

ಬೆಂಗಳೂರಿನ ಆ ಎ320 ಏನಾಯಿತು ಎಂದು ಕೇಳುವಿರಿ. ನಿಲ್ಲಿಸಿದ ಮಾದರಿಯೇ ಇಂದು ಭಾರತದ ಆಕಾಶವನ್ನು ತುಂಬಿದೆ. 2023ರ ಜೂನಿನಲ್ಲಿ ಇಂಡಿಗೋ ಕಂಪನಿ ಒಂದೇ ಸಲಕ್ಕೆ ಬೇಡಿಕೆ ಇಟ್ಟದ್ದು ಆ ವಂಶದ 500 ವಿಮಾನಗಳಿಗೆ. ಚಾಲಕರ ತರಬೇತಿ ಬದಲಾಯಿತು, ಗಣಕದ ಎಚ್ಚರಿಕೆಗಳು ಹೆಚ್ಚಿದವು, ಅಂಕಿ ತೋರಿಸುವ ಕಿಂಡಿ ಬದಲಾಯಿತು. ಹೆಸರು ಅದೇ ಉಳಿಯಿತು.

ಇಲ್ಲಿ ಒಂದು ಮಾತು ನಡುವೆ ಹೇಳಬೇಕು. “ಹಳೇ ವಿಮಾನ” ಎಂಬುದೂ “ಕೆಟ್ಟ ಮಾದರಿ” ಎಂಬುದೂ ಬೇರೆ ಬೇರೆ, ಪತ್ರಿಕೆಗಳು ಎರಡನ್ನೂ ಬೆರೆಸುತ್ತವೆ. 2000ದ ಜುಲೈ 17ರಂದು ಪಾಟ್ನಾದಲ್ಲಿ ಅಲಯನ್ಸ್ ಏರ್‌ನ ಬೋಯಿಂಗ್ 737-200 ಬಿದ್ದು 60 ಮಂದಿ ಸತ್ತಾಗ, ಇಪ್ಪತ್ತು ವರ್ಷದ ಹಳೆಯ ವಿಮಾನ ಎಂದೇ ದೇಶವೆಲ್ಲ ಕೂಗಿತು. ತನಿಖೆ ಹೇಳಿದ್ದು, ಇಳಿಯಲು ಬಂದ ರೀತಿಯಲ್ಲಿ ಚಾಲಕರ ತಪ್ಪಿತ್ತು ಎಂದು. ಬೆಂಗಳೂರಿನಲ್ಲಿ ಬಿದ್ದದ್ದಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ವಯಸ್ಸು ನೋಡಿ ಎತ್ತು ಕೊಳ್ಳುವ ಲೆಕ್ಕ ಇಲ್ಲಿ ನಡೆಯದು.

ಹಾಗಾದರೆ ಅಹಮದಾಬಾದಿನ 787? ಮರುದಿನವೇ ನಿರ್ದೇಶನಾಲಯ ಏರ್ ಇಂಡಿಯಾದ ಆ ಮಾದರಿಗಳಿಗೆ ಹೆಚ್ಚಿನ ತಪಾಸಣೆ ವಿಧಿಸಿತು, ನಿಲ್ಲಿಸಲಿಲ್ಲ. 2025ರ ಜುಲೈಯಲ್ಲಿ ಬಂದ ಪ್ರಾಥಮಿಕ ವರದಿ, ಮೇಲೆದ್ದ ಕೆಲವೇ ಸೆಕೆಂಡಿನಲ್ಲಿ ಎರಡೂ ಎಂಜಿನ್ನುಗಳ ಎಣ್ಣೆಯ ಸ್ವಿಚ್ಚು ಬಂದ್ ಸ್ಥಾನಕ್ಕೆ ಹೋಗಿತ್ತು ಎಂದಿತು. ಪ್ರಾಥಮಿಕ ವರದಿ ಎಂದರೆ ಏನಾಯಿತು ಎಂಬುದು ಮಾತ್ರ, ಏಕಾಯಿತು ಎಂಬುದಲ್ಲ. ಸತ್ತ ಚಾಲಕ ಬಂದು ಉತ್ತರ ಹೇಳಲಾರ, ವಿಮಾನ ಮಾಡಿದ ಕಂಪನಿಗೆ ವಕೀಲರಿದ್ದಾರೆ. ಈ ಅಸಮಾನತೆಯನ್ನು ಕೇಳುಗರಾದ ನೀವು ಮನಸ್ಸಿನಲ್ಲಿಟ್ಟುಕೊಂಡೇ ಸುದ್ದಿ ಕೇಳಬೇಕು.

ಕಡೆಯದಾಗಿ ನಮ್ಮ ಊರಿನ ವಿಮಾನದ ವಿಷಯ. ಓಮಲೂರಿನ ಹತ್ತಿರದ ಕಾಮಲಾಪುರದಲ್ಲಿರುವ ಸೇಲಂ ನಿಲ್ದಾಣಕ್ಕೆ ವಿಮಾನ ಬರುವುದು ನಿಲ್ಲುವುದು ಎಷ್ಟು ಸಲವಾಯಿತೋ ನಿಮಗೇ ಗೊತ್ತು. 2023ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾದಾಗ ಬಂದದ್ದು ಎಟಿಆರ್ 72, ರೆಕ್ಕೆಯ ಮೇಲೆ ಎರಡು ಫ್ಯಾನು ತಿರುಗುವ ವಿಮಾನ. ಇದೂ ಒಮ್ಮೆ ಅನುಮಾನಕ್ಕೆ ಸಿಕ್ಕಿದ್ದೇ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಎಂಬ ಊರಿನ ಹತ್ತಿರ, ಕೊರೆಯುವ ತುಂತುರು ಮಳೆಯಲ್ಲಿ ಸುತ್ತುತ್ತ ಕಾಯುತ್ತಿದ್ದ ಎಟಿಆರ್ 72ರ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿ, ವಿಮಾನ ಮಗುಚಿ 68 ಮಂದಿ ಸತ್ತರು. ಮಂಜು ಒಡೆಯುವ ರಬ್ಬರು ಪಟ್ಟಿ ಇತ್ತು, ಮಂಜು ಕಟ್ಟಿದ್ದು ಅದರ ಹಿಂದೆ. ಆ ಕಂಪನಿ ಮಾದರಿಯನ್ನು ಮಾರಿ ಕೈತೊಳೆದುಕೊಳ್ಳಲಿಲ್ಲ. ತನ್ನ ಎಟಿಆರ್‌ಗಳನ್ನು ಚಳಿಯ ಊರುಗಳಿಂದ ತೆಗೆದು ದಕ್ಷಿಣದ ಬೆಚ್ಚಗಿನ ಊರುಗಳಿಗೂ ಕೆರಿಬಿಯನ್ ದ್ವೀಪಗಳಿಗೂ ಕಳಿಸಿತು. ವಿಮಾನ ತಯಾರಿಸಿದವರು ರಬ್ಬರು ಪಟ್ಟಿಯನ್ನು ಅಗಲ ಮಾಡಿದರು, ಅಂಥ ಮಳೆಯಲ್ಲಿ ಏನು ಮಾಡಬೇಕೆಂಬ ನಿಯಮ ಬದಲಾಯಿತು.

“ನಮ್ಮ ಸೇಲಂ ಬಿಸಿಲಿಗೆ ಮಂಜೆಲ್ಲಿ?” ಎನ್ನಬೇಡಿ. ಸಾವಿರ ಮೀಟರು ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಕೆಳಗೆ 35 ಡಿಗ್ರಿ ಇದ್ದರೂ ಐದೂವರೆ ಕಿಲೋಮೀಟರು ಮೇಲೆ ನೀರು ಹೆಪ್ಪುಗಟ್ಟುವ ಚಳಿ. ಸೇಲಂನಿಂದ ಬೆಂಗಳೂರಿನಂಥ ಹತ್ತಿರದ ಊರಿಗೆ ಅಷ್ಟು ಎತ್ತರ ಬೇಕಿಲ್ಲ, ದೂರ ಹೋಗುವಾಗ ಬೇಕಾಗಬಹುದು. 2024ರ ಆಗಸ್ಟ್ 9ರಂದು ಬ್ರೆಜಿಲಿನಲ್ಲಿ ಎಟಿಆರ್ 72 ಬಿದ್ದು 62 ಮಂದಿ ಸತ್ತಾಗಲೂ ಮಾತು ಬಂದದ್ದು ಮಂಜಿನ ಸುತ್ತಲೇ.

ಮುಂದೆ ಕಾಮಲಾಪುರದ ಕಡೆ ಹೋದಾಗ, ವಿಮಾನ ಇಳಿಯುವ ಹೊತ್ತಾಗಿದ್ದರೆ, ಮಕ್ಕಳಿಗೆ ಅದರ ರೆಕ್ಕೆಯ ಮುಂಬದಿ ತೋರಿಸಿ. ಬಿಳಿಯ ರೆಕ್ಕೆಯ ಅಂಚಿನ ಉದ್ದಕ್ಕೂ ಕಪ್ಪು ಪಟ್ಟಿ ಕಾಣುತ್ತದೆ. ಅದು ಬಣ್ಣವಲ್ಲ, ರಬ್ಬರು. ಒಳಗೆ ಗಾಳಿ ತುಂಬಿ ಉಬ್ಬಿಸಿದರೆ ಮೇಲಿನ ಮಂಜು ಚೂರಾಗಿ ಉದುರುತ್ತದೆ. ರೋಸ್‌ಲಾನಿನ ನಂತರ ಅಗಲವಾದದ್ದು ಆ ಪಟ್ಟಿಯೇ.